ಬೋರಮಾಳ ಬ್ಯಾಂಕಿನಲ್ಲಿದ್ದ 14 ತಿಂಗಳು

ತಾರಿಹಾಳದಲ್ಲಿ ನಮ್ಮದು ಹಳೇ ಊರೊಳಗಿನ ಮನೆ. ಓಣಿಯ ಒಂದು ತುದಿಗೆ ಎರೆಹೊಲ, ಇನ್ನೊಂದು ತುದಿಗೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ವಿಮಾನದ ಸದ್ದು ನಮಗೆ ಬಸ್ಸಿನ ಸದ್ದಿನಷ್ಟೇ ರೂಢಿ. ನಮ್ಮ ಮನೆಯವರು ಇಲ್ಲಿಯ ಒಂದು ಮಷಿನ್ ಶಾಪಿನಲ್ಲಿ ಲೇಥ್ ನಡೆಸುತ್ತಾರೆ, ಕೈಗೆ ಬರುವ ಪಗಾರ 16,200. ನಾನು ಮನೆಯಲ್ಲೇ ಜಂಪರು ಹೊಲಿಯುತ್ತೇನೆ. ಲಗ್ನದ ಹಂಗಾಮಿನಲ್ಲಿ ಹೆಚ್ಚು, ಶ್ರಾವಣಕ್ಕೆ ಮುಂಚೆ ಕಡಿಮೆ, ಸರಾಸರಿ ಹಿಡಿದರೆ ತಿಂಗಳಿಗೆ 4,500. ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಬರುತ್ತದೆ, ಏಕೆಂದರೆ ಪಡಿತರ ಚೀಟಿಯಲ್ಲಿ ಯಜಮಾನಿ ಅವರು. ಇಬ್ಬರು ಮಕ್ಕಳು. ಬಾಡಿಗೆ ಕಟ್ಟುವ ಚಿಂತೆ ಇಲ್ಲ, ಅದೊಂದು ಪುಣ್ಯ.

2023ರ ದಸರಾ ಹೊತ್ತಿಗೆ ನಮ್ಮ ಮೇಲಿದ್ದ ಸಾಲ 2,86,400 ರೂಪಾಯಿ. ಅದನ್ನು ತೀರಿಸಬೇಕು ಎಂದು ನಾನು ಗಟ್ಟಿ ಮನಸ್ಸು ಮಾಡಿದ್ದೆ. ಮನೆಯವರು ಮಾಡಿರಲಿಲ್ಲ. ಹೀಗೆ ಒಬ್ಬರು ಎಳೆಯುವುದು, ಒಬ್ಬರು ನಿಲ್ಲುವುದು ಆದಾಗ ಏನೇನು ಕಲಿತೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಓಣಿಯಲ್ಲೇ ಇಂಥ ಮನೆಗಳು ಎಷ್ಟೋ ಇವೆ. ಒಬ್ಬರಿಗಾದರೂ ದಾರಿ ಸಿಕ್ಕೀತು ಎಂಬ ಆಸೆ ನನ್ನದು.

1. ಎಲ್ಲ ಸಾಲವನ್ನೂ ಒಂದೇ ಹಾಳೆಯ ಮೇಲೆ ತರಬೇಕು

ಸಾಲ ಇದೆ ಎಂದು ಇಬ್ಬರಿಗೂ ಗೊತ್ತಿತ್ತು. ಎಷ್ಟಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವರ ತಲೆಯಲ್ಲಿ ಬೈಕಿನ ಕಂತು ಮಾತ್ರ, ನನ್ನ ತಲೆಯಲ್ಲಿ ಸಂಘದ ಕಂತು ಮಾತ್ರ. ದಸರಾ ಸೂಟಿಯಲ್ಲಿ ಮಗಳ ಗಣಿತದ ವಹಿಯಿಂದ ಒಂದು ಹಾಳೆ ಹರಿದುಕೊಂಡು ಬರೆದೆ. ಗುಂಪಿನ ಸಾಲ ಎರಡು, ಒಂದರಲ್ಲಿ ಬಾಕಿ 38,000, ಇನ್ನೊಂದರಲ್ಲಿ 27,000. ಪಾಟ್ಲಿ ಅಡವಿಟ್ಟು ಬ್ಯಾಂಕಿನಿಂದ ತಂದದ್ದು 80,000. ಅದು 2021ರಲ್ಲಿ ಮಾಳಿಗೆ ಸೋರಿದಾಗಿನದು. ಕೈಗಡ 50,000. ಬೈಕು 31,000. ಮೊಬೈಲಿನ ಕಂತು 9,000. ಕಿರಾಣಿ ಅಂಗಡಿಯ ಉದ್ರಿ 11,400. ನಮ್ಮಣ್ಣ ಕೊಟ್ಟದ್ದು 40,000.

ಪಕ್ಕದಲ್ಲಿ ಪ್ರತಿ ತಿಂಗಳು ಎಷ್ಟು ಹೋಗುತ್ತದೆ ಎಂದೂ ಬರೆದೆ. ಗುಂಪಿನವು 3,100 ಮತ್ತು 2,300, ಕೈಗಡದ ಬಡ್ಡಿ 2,500, ಬೈಕಿಗೆ 2,650, ಮೊಬೈಲಿಗೆ 1,500. ಕೂಡಿಸಿದರೆ 12,050. ಮನೆಗೆ ಬರುವುದು ಎಲ್ಲಾ ಸೇರಿ 22,700. ನೂರಕ್ಕೆ 53ರಷ್ಟು ಸಾಲಗಾರರಿಗೇ ಹೋಗುತ್ತಿತ್ತು. ಆ ಹಾಳೆಯನ್ನು ಅವರ ಮುಂದೆ ಹಿಡಿದಾಗ ಓದಿ ಮಡಚಿಟ್ಟರು. "ಎಲ್ಲಾರ ಮನ್ಯಾಗೂ ಇದ ಐತಿ" ಎಂದಷ್ಟೇ ಹೇಳಿ ಎದ್ದು ಹೋದರು. ಆದರೂ ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಬರೆಯುವ ಮೊದಲು ಸಾಲಕ್ಕೆ ಅಂಚೇ ಇರಲಿಲ್ಲ.

2. ಒಲ್ಲೆ ಎನ್ನುವವರು ಯಾವುದಕ್ಕೆ ಅಂಜುತ್ತಾರೆ ಎಂದು ಮೊದಲು ತಿಳಿಯಬೇಕು

ಮೊದಮೊದಲು ನಾನು ಅವರನ್ನು ದುಂದುಗಾರ ಎಂದೇ ತಿಳಿದಿದ್ದೆ. ಸಂಜೆ ಶಿಫ್ಟು ಬಿಟ್ಟ ಮೇಲೆ ಗೇಟಿನ ಮುಂದಿನ ಅಂಗಡಿಯಲ್ಲಿ ಚಹಾ, ಗಿರ್ಮಿಟ್, ಮಿರ್ಚಿ. ಜೊತೆಗಿದ್ದ ಹುಡುಗರ ದುಡ್ಡನ್ನೂ ಅವರೇ ಕೊಡುತ್ತಿದ್ದರು. ದಿನಕ್ಕೆ 60 ರೂಪಾಯಿಯಾದರೂ ಆಗುತ್ತಿತ್ತು. ಅದರ ಮೇಲೇ ನಾನು ಕಣ್ಣಿಟ್ಟೆ, ದಿನಾ ಅದನ್ನೇ ಎತ್ತಿ ಆಡಿದೆ. ಜಗಳ ಬೆಳೆಯಿತೇ ಹೊರತು ಹತ್ತು ರೂಪಾಯಿಯೂ ಉಳಿಯಲಿಲ್ಲ.

ಒಂದು ದಿನ ಅತ್ತೆ ಮೆಂತ್ಯಸೊಪ್ಪು ಸೋಸುತ್ತ ಹೇಳಿದರು: "ಅಂವ ಸಣ್ಣಂವ ಇದ್ದಾಗ ಅವರಪ್ಪನ್ನ ಅಂಗಡಿ ಮುಂದ ನಿಂದ್ರಿಸಿ ಉದ್ರಿ ಕೇಳಿದ್ರವ್ವ. ಇಂವ ಕೈ ಹಿಡಕೊಂಡು ನಿಂತಿದ್ದ." ಹನ್ನೆರಡು ವರ್ಷ ಸಂಸಾರ ಮಾಡಿದರೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಿರ್ಚಿ ಅಲ್ಲವೇ ಅಲ್ಲ. ನಾಲ್ಕು ಜನರ ನಡುವೆ ತನ್ನ ಕಿಸೆಯಿಂದ ದುಡ್ಡು ತೆಗೆದು ಕೊಡುವವನು ಎಂಬ ಮರ್ಯಾದೆ. ಕೈ ಬಿಗಿ ಹಿಡಿ ಎಂದು ನಾನು ಹೇಳಿದಾಗಲೆಲ್ಲ ಅವರಿಗೆ ಕೇಳಿಸುತ್ತಿದ್ದದ್ದು, ಅಪ್ಪನ ಹಾಗೆ ಅಂಗಡಿ ಮುಂದೆ ನಿಲ್ಲು ಎಂದು.

ಅಂದಿನಿಂದ ಚಹಾದ ಮಾತು ಬಿಟ್ಟೆ. ಪಗಾರ ಬಂದ ದಿನವೇ 1,500 ರೂಪಾಯಿ ಅವರ ಕೈಗೆ ಕೊಟ್ಟು, "ಇದು ನಿಮ್ದು, ಇದರ ಲೆಕ್ಕ ನಾ ಕೇಳೂದಿಲ್ಲ" ಎಂದೆ. ಸಾಲ ತೀರಿಸುತ್ತಿರುವ ಮನೆಯಲ್ಲಿ ಲೆಕ್ಕ ಕೇಳದ ದುಡ್ಡು ಎಂದರೆ ಓದುವವರಿಗೆ ತಪ್ಪು ಎನಿಸಬಹುದು. ನನ್ನ ಮಟ್ಟಿಗೆ ಈ ಎರಡು ವರ್ಷದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಖರ್ಚು ಅದು. ಆ ಮೊತ್ತ ಕಳೆದು ಉಳಿದದ್ದರಲ್ಲಿ ಏನು ಮಾಡೋಣ ಎಂದು ಅವರು ಕೂತು ಮಾತಾಡತೊಡಗಿದರು.

3. ಹೆಚ್ಚು ಬಡ್ಡಿಯ ಸಾಲ ಮೊದಲು, ಮಿಕ್ಕದ್ದೆಲ್ಲ ಆಮೇಲೆ

ಕೈಗಡದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2022ರ ಆಗಸ್ಟಿನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಅಂದೇ ರಾತ್ರಿ ದುಡ್ಡು ಬೇಕಾಯಿತು. ಪರಿಚಯದ ಸಾಹುಕಾರರೊಬ್ಬರು ನೂರಕ್ಕೆ ಐದರ ಬಡ್ಡಿಗೆ 50,000 ಕೊಟ್ಟರು. ನೂರಕ್ಕೆ ಐದು ಎಂದರೆ ಬಾಯಿಗೆ ಸಣ್ಣ ಮಾತು. ಅದು ತಿಂಗಳ ಬಡ್ಡಿ, ವರ್ಷಕ್ಕೆ ನೂರಕ್ಕೆ 60. ದಸರಾ ಹೊತ್ತಿಗೆ 14 ತಿಂಗಳು ಕಟ್ಟಿದ್ದೆವು, ಒಟ್ಟು 35,000. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿರಲಿಲ್ಲ.

ನನ್ನ ಕೊರಳಲ್ಲಿ ತವರಿನ ಬೋರಮಾಳ ಇತ್ತು. ಅದನ್ನು ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ ನೂರಕ್ಕೆ ಒಂಬತ್ತೂವರೆಯ ಬಡ್ಡಿಯಲ್ಲಿ 50,000 ಸಿಗುತ್ತಿತ್ತು. ತಿಂಗಳಿಗೆ ಹಿಡಿದರೆ 400 ರೂಪಾಯಿಗೂ ಕಡಿಮೆ. ಎಲ್ಲಿ 2,500, ಎಲ್ಲಿ 400! ಇಷ್ಟು ಸರಳ ಲೆಕ್ಕವನ್ನು ಅವರು ಒಪ್ಪಲಿಲ್ಲ. "ಪಾಟ್ಲಿ ಹ್ವಾದ್ವು. ಈಗ ಬೋರಮಾಳಾನೂ ಹೋದ್ರ ಬರೇ ಕೊರಳಿಲೆ ಲಗ್ನಕ್ಕ ಬರ್ತೀ ಏನು? ಮಂದಿ ನನ್ನ ಮಾರಿ ನೋಡ್ತಾರ, ನಿನ್ನ ಕೊರಳ ನೋಡೂದಿಲ್ಲ."

ನಾನು ವಾದ ಮಾಡಲಿಲ್ಲ. ಹಾಳೆಯ ಹಿಂದೆ ಎರಡು ಸಾಲು ಬರೆದು ಅವರ ಡಬ್ಬಿಯ ಚೀಲದಲ್ಲಿಟ್ಟೆ. ಮೊದಲ ಸಾಲು: ಇನ್ನೊಂದು ವರ್ಷ ಹೀಗೇ ಬಿಟ್ಟರೆ ಬಡ್ಡಿ 30,000. ಎರಡನೆಯದು: ಬ್ಯಾಂಕಿಗೆ ಹೋದರೆ 4,750. ಮೂರು ದಿನ ಏನೂ ಮಾತಿಲ್ಲ. ನಾಲ್ಕನೆಯ ದಿನ ರಜೆ ಹಾಕಿ, "ನಡಿ, ಬ್ಯಾಂಕಿಗೆ ಹೋಗೂಣು" ಎಂದರು. ದಾರಿಯಲ್ಲಿ ಒಂದೇ ಶರತ್ತು ಹಾಕಿದರು, ಈ ವಿಷಯ ಅವರ ತಂಗಿಯ ಮನೆಗೆ ಗೊತ್ತಾಗಬಾರದು. ಆಯಿತು ಎಂದೆ. ದೀಪಾವಳಿಗೆ ನಾಲ್ಕು ದಿನ ಇರುವಾಗ ಕೈಗಡ ತೀರಿತು. ಬರೆದುಕೊಟ್ಟಿದ್ದ ಕಾಗದವನ್ನು ವಾಪಸು ತೆಗೆದುಕೊಂಡು, ಅಲ್ಲೇ ಹರಿದು, ತುಂಡುಗಳನ್ನು ಮನೆಗೆ ತಂದು ಒಲೆಗೆ ಹಾಕಿದೆ. ಯಾರಿಂದಲಾದರೂ ಕೈಗಡ ತಂದಿದ್ದರೆ ಕೊಟ್ಟ ಕಾಗದ, ಸಹಿ ಮಾಡಿದ ಚೆಕ್ಕು ಏನಿದ್ದರೂ ತೀರಿಸಿದ ದಿನವೇ ಕೈಯಲ್ಲಿ ಇಸಿದುಕೊಳ್ಳಬೇಕು. ನಾಳೆ ಕೊಡುತ್ತೇನೆ ಎಂದರೆ ದುಡ್ಡನ್ನೂ ನಾಳೆಯೇ ಕೊಡಿ.

ಅಡುಗೆ ಮನೆಯಲ್ಲಿ ನಾನು ತಿಂಗಳೆಲ್ಲ ಹೆಣಗಿ ಉಳಿಸಿದ್ದು 1,300. ಬ್ಯಾಂಕಿನ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕೂತು ಉಳಿಸಿದ್ದು ತಿಂಗಳಿಗೆ 2,100. ಮಿತವ್ಯಯ ಎಂದರೆ ಎಣ್ಣೆ, ಸಕ್ಕರೆ ಅಳೆಯುವುದು ಎಂದೇ ನಾವು ಹೆಂಗಸರು ತಿಳಿದಿರುತ್ತೇವೆ. ಬಡ್ಡಿಯನ್ನು ಅಳೆಯುವುದು ಅದಕ್ಕಿಂತ ದೊಡ್ಡದು. ನಮ್ಮ ಭಾಗದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೆಯದು ಎಂದು ಅದಕ್ಕೆ ಹೆಸರು. ರೈತ ಸಾಹುಕಾರನ ಮನೆಗೆ ಹೋಗುವುದು ತಪ್ಪಬೇಕಾದರೆ ಕಡಿಮೆ ಬಡ್ಡಿಯ ದುಡ್ಡು ಊರಲ್ಲೇ ಸಿಗಬೇಕು ಎಂಬುದು ಅದರ ಹಿಂದಿನ ವಿಚಾರ. ನೂರು ವರ್ಷದ ಮೇಲೂ ನಾನು ಸಾಹುಕಾರರ ಬಾಗಿಲಿಗೆ ಹೋದೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

4. ಹೊರಗಿನವರಿಗೆ ಕಾಣದ ಕಡೆ ಕಡಿತ ಮಾಡಬೇಕು

ಎರಡನೇ ಪಾಠ ಕಲಿತ ಮೇಲೆ ಇದು ತಾನಾಗಿ ಬಂತು. ಬಂದವರಿಗೆ ಚಹಾ ಕೊಡುವುದನ್ನು ನಿಲ್ಲಿಸಲಿಲ್ಲ, ಮಕ್ಕಳ ಸಾಲೆ ಬಟ್ಟೆಯಲ್ಲಿ ಕಡಿಮೆ ಮಾಡಲಿಲ್ಲ. ಮೊದಲು ಕಿರಾಣಿ ಉದ್ರಿ ನಿಲ್ಲಿಸಿದೆ. ಆ ವರ್ಷದ ದೀಪಾವಳಿ ಬೋನಸ್ 9,800 ಬಂದದ್ದನ್ನು ಪೂರ್ತಿ ಅಂಗಡಿಗೆ ಕೊಟ್ಟು, ಉಳಿದ 1,600ನ್ನು ಜಂಪರಿನ ದುಡ್ಡಿನಲ್ಲಿ ತೀರಿಸಿದೆ. ಆಮೇಲೆ ತಿಂಗಳ ಚೀಟಿ ಬರೆದು ರೊಕ್ಕ ಕೊಟ್ಟೇ ತಂದೆ. ಉದ್ರಿ ವಹಿ ಇದ್ದಾಗ ಮಕ್ಕಳು ಹೋಗಿ ಬಿಸ್ಕೀಟು, ಚುರಮರಿ, ಶಾಂಪೂ ಪಾಕೀಟು ತರುತ್ತಿದ್ದವು, ಅಂಗಡಿಯವರು ಬರೆದುಕೊಳ್ಳುತ್ತಿದ್ದರು. ರೊಕ್ಕ ಎಣಿಸಿ ಕೊಡುವಾಗ ಕೈ ತಾನೇ ತಡೆಯುತ್ತದೆ.

ಓಣಿಯಲ್ಲಿ ಹನ್ನೆರಡು ಹೆಂಗಸರು ತಿಂಗಳಿಗೆ 500ರಂತೆ ಭಿಶಿ ಹಾಕುತ್ತೇವೆ. ಸುಗ್ಗಿಯ ಹೊತ್ತಿಗೆ ನನ್ನ ಸರತಿ ಬರುವಂತೆ ಕೇಳಿಕೊಂಡು, ಆ 6,000ದಲ್ಲಿ ಮಾಲದಂಡಿ ಜೋಳ ಒಂದು ಕ್ವಿಂಟಲ್ ತಂದು ತುಂಬಿಸಿದೆ. ರೊಟ್ಟಿ, ಜುಣಕ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ನಮ್ಮ ಕಡೆಯ ಊಟವೇ ಅಗ್ಗದ ಊಟ, ಅದರಲ್ಲಿ ಕಡಿಮೆ ಮಾಡುವಂಥದ್ದು ಏನೂ ಇಲ್ಲ. ಹೊರಗಿನಿಂದ ಒಳಗೆ ಬಂದಿದ್ದ ಪಾಕೀಟುಗಳನ್ನು ತೆಗೆದರೆ ಸಾಕಾಯಿತು.

ಕರೆಂಟಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಪ್ರತಿ ಮನೆಗೆ ಹಿಂದೆ ಬಳಸಿದ ಸರಾಸರಿಗೆ ಸ್ವಲ್ಪ ಸೇರಿಸಿ ಅಷ್ಟೇ ಪುಕ್ಕಟೆ, ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲೇ ನಮ್ಮ ಮೇಲೆ. ಹೊಲಿಗೆ ಮಷಿನ್ನಿಗೆ ಮೋಟಾರು ಇರುವುದರಿಂದ ನಾನು ಮೀಟರು ನೋಡುತ್ತಲೇ ಇರುತ್ತೇನೆ. ಜಳಕದ ನೀರನ್ನು ಬಚ್ಚಲ ಒಲೆಯಲ್ಲಿ ಹತ್ತಿಕಟ್ಟಿಗೆಯಿಂದ ಕಾಯಿಸುತ್ತೇವೆ. ಹುಬ್ಬಳ್ಳಿಗೆ ದಾರ, ಅಸ್ತರಿ ತರಲು ಹೋಗುವುದು 2023ರ ಜೂನ್‌ನಿಂದ ಬಸ್ಸಿನಲ್ಲಿ ಪುಕ್ಕಟೆ. ಮೊದಲು ಅವರ ಬೈಕಿಗಾಗಿ ಕಾಯುತ್ತಿದ್ದೆ, ಈಗ ದುರ್ಗದಬೈಲಿಗೆ ನಾನೇ ಹೋಗಿ ನಾಲ್ಕು ಅಂಗಡಿ ಕೇಳಿ ತರುತ್ತೇನೆ.

ಗೃಹಲಕ್ಷ್ಮಿ ದುಡ್ಡಿನಲ್ಲಿ ಅತ್ತೆ 500 ಇಟ್ಟುಕೊಂಡು 1,500 ಕೊಟ್ಟರು. ಅದರ ಮೇಲೆ ಯಾವ ಕಂತನ್ನೂ ನಿಲ್ಲಿಸಲಿಲ್ಲ, ಕೈಗೆ ಬಂದ ಮೇಲೆ ಮಾತ್ರ ಲೆಕ್ಕಕ್ಕೆ ತಗೊಂಡೆ.

5. ಮುಚ್ಚಿಟ್ಟು ಉಳಿಸಬಾರದು

ಇದು ನನ್ನ ತಪ್ಪು. ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಬೋರಮಾಳದ ಮೇಲೆ ಅವರು ಒಪ್ಪಿದರೂ ಪೂರ್ತಿ ನನ್ನ ದಾರಿಗೆ ಬಂದಿರಲಿಲ್ಲ. ಗೆಳೆಯನೊಬ್ಬನಿಗೆ ನನಗೆ ಹೇಳದೆ 3,000 ಕೊಟ್ಟದ್ದು ಗೊತ್ತಾಯಿತು. ನನಗೆ ಅಂಜಿಕೆ ಹುಟ್ಟಿತು. ಇವರಿಗೆ ತೋರಿಸಿದರೆ ಉಳಿಯುವುದಿಲ್ಲ ಎಂದು ಜಂಪರಿನ ದುಡ್ಡಿನಲ್ಲಿ ಅಷ್ಟಿಷ್ಟು ತೆಗೆದು ಜೋಳದ ಡಬ್ಬಿಯಲ್ಲಿ, ಕಾಳಿನ ಒಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುತ್ತಿದ್ದೆ. ನಮ್ಮವ್ವ ಹಾಗೇ ಮಾಡುತ್ತಿದ್ದಳು, ಅವಳ ಅವ್ವನೂ ಹಾಗೇ. ಹೆಣ್ಣುಮಕ್ಕಳ ಜಾಣತನ ಎಂದೇ ಅದನ್ನು ನಮಗೆ ಕಲಿಸಿದ್ದರು.

2024ರ ಮೇ ತಿಂಗಳು. ನನಗೆ ಜ್ವರ. ಗಿರಣಿಗೆ ಜೋಳ ಒಯ್ಯಲು ಅವರೇ ಡಬ್ಬಿಗೆ ಕೈ ಹಾಕಿದರು. 6,400 ರೂಪಾಯಿ. ಹಾಸಿಗೆಯ ಪಕ್ಕ ತಂದಿಟ್ಟು, "ನಾನೇನು ಕಳ್ಳ ಇದ್ದೇನೇನು?" ಎಂದರು. ದನಿ ಏರಿಸಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು. ಎಂಟು ದಿನ ನಮ್ಮ ನಡುವೆ ಮಕ್ಕಳ ಮೂಲಕವೇ ಮಾತು.

ಆ ಎಂಟು ದಿನದಲ್ಲಿ ನನಗೆ ಹೊಳೆದದ್ದು ಇಷ್ಟು. ನನ್ನ ಹಾಳೆ ನನ್ನ ವಹಿಯೊಳಗಿತ್ತು, ನನ್ನ ಉಳಿತಾಯ ನನ್ನ ಡಬ್ಬಿಯೊಳಗಿತ್ತು. ಅವರು ಈ ಕೆಲಸದಲ್ಲಿ ಸೇರಿಕೊಳ್ಳಲಿ ಎಂದು ಬಾಯಲ್ಲಿ ಹೇಳುತ್ತ, ಕೈಯಲ್ಲಿ ಅವರನ್ನು ಹೊರಗೇ ಇಟ್ಟಿದ್ದೆ. ಕುಡಿದು ಹಾಳು ಮಾಡುವ ಗಂಡನಿದ್ದ ಮನೆಯಲ್ಲಿ ಡಬ್ಬಿಯೇ ಗತಿ, ಅಂಥ ಅಕ್ಕತಂಗಿಯರಿಗೆ ನಾನು ಈ ಪಾಠ ಹೇಳುವುದಿಲ್ಲ. ನಮ್ಮವರು ಅಂಥವರಾಗಿರಲಿಲ್ಲ.

ಒಂಬತ್ತನೆಯ ದಿನ ಆ 6,400 ಮತ್ತು ಹಾಳೆ ಎರಡನ್ನೂ ಅವರ ಮುಂದಿಟ್ಟೆ. "ಇದನ್ನ ಹ್ಯಾಂಗ ನಡಸಬೇಕು ನೀವ ಹೇಳ್ರಿ" ಎಂದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಪಟ್ಟಿ, ಪೆನ್ಸಿಲ್ ತಂದು, ಶಾಪಿನಲ್ಲಿ ಜಾಬ್ ಕಾರ್ಡಿಗೆ ಮನೆ ಹಾಕುತ್ತಾರಲ್ಲ ಹಾಗೆ ಗೆರೆ ಎಳೆದರು. ತಾರೀಕು, ಯಾವ ಸಾಲ, ಎಷ್ಟು ತೆಗೆದದ್ದು, ಎಷ್ಟು ಉಳಿದದ್ದು, ಸಹಿ. ಸಹಿಯ ಮನೆ ಎರಡು, ಅವರದೊಂದು, ನನ್ನದೊಂದು. ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದರು. ಬಾಗಿಲು ಮುಚ್ಚಿದರೆ ಬಂದವರಿಗೆ ಕಾಣುವುದಿಲ್ಲ. ದಿನಕ್ಕೆ ಎಂಟು ತಾಸು ಮೈಕ್ರೋಮೀಟರ್ ಹಿಡಿದು ಅಳೆಯುವ ಮನುಷ್ಯ ಅವರು. ನಾನು ಅಷ್ಟು ದಿನ ಅವರೊಂದಿಗೆ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಮಾತಾಡಿರಲೇ ಇಲ್ಲ.

6. ಗುಂಪಿನ ಸಾಲದ ನಿಯಮ ನಮಗೆ ಗೊತ್ತಿರಬೇಕು

ಗುಂಪಿನ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ಕಂತಿನ ದಿನ ಗೆಳತಿಯರೇ ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ಕಂತು ತುಂಬಲು ಇನ್ನೊಂದು ಗುಂಪು ಸೇರುವುದು ಶುರುವಾಗುವುದು ಅಲ್ಲಿಂದಲೇ. ನನ್ನ ಎರಡನೇ ಸಾಲ ಹುಟ್ಟಿದ್ದು ಹಾಗೆ.

ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಇಂಥ ಸಾಲಕ್ಕೆ ಅಡವು ಕೇಳುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬರುವವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಬರುವಂತಿಲ್ಲ. ಸಾಲದ ಕಾರ್ಡು ನಮಗೆ ಓದಲು ಬರುವ ಭಾಷೆಯಲ್ಲಿರಬೇಕು, ಬಡ್ಡಿ ಎಷ್ಟು ಎಂದು ಅದರಲ್ಲಿರಬೇಕು. ಬಲವಂತದ ವಸೂಲಿಯ ವಿರುದ್ಧ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಅದರಲ್ಲಿತ್ತು.

ಮೊದಲೇ ತೀರಿಸಿದರೆ ದಂಡ ಇಲ್ಲ ಎಂಬ ಒಂದು ಮಾತು ನನಗೆ ಬಹಳ ಉಪಯೋಗವಾಯಿತು. ಮೊಬೈಲಿನ ಕಂತು ಮುಗಿದದ್ದು 2024ರ ಮಾರ್ಚಿನಲ್ಲಿ, ಸಣ್ಣ ಗುಂಪಿನ ಸಾಲ ಮುಗಿದದ್ದು ಮರುತಿಂಗಳು. ಆ ಎರಡು ಕಂತಿನ ದುಡ್ಡನ್ನು ಮನೆಗೆ ತರದೆ ದೊಡ್ಡ ಗುಂಪಿನ ಸಾಲಕ್ಕೆ ತಿರುಗಿಸಿದೆವು. ಡಬ್ಬಿಯ 6,400 ಕೂಡ ಅಲ್ಲಿಗೇ ಹೋಯಿತು. ಆಗಸ್ಟಿನಲ್ಲಿ ಅದೂ ಮುಗಿಯಿತು.

ಮುಗಿದ ಮರುದಿನವೇ ಹೊಸ ಸಾಲ ಬೇಕೇ ಎಂದು ಕೇಳಲು ಬರುತ್ತಾರೆ. ಆ ದಿನ ಬಾಗಿಲಲ್ಲಿ ನಾನು ಇರಲಿಲ್ಲ, ಮನೆಯವರಿದ್ದರು. ಬ್ಯಾಡ ಎಂದು ಕಳಿಸಿದ್ದು ಅವರೇ.

7. ಪಗಾರದಲ್ಲಿ ಮುರಿದುಕೊಳ್ಳುವ ದುಡ್ಡಿಗೆ ಏನು ಸಿಗುತ್ತದೆ ಎಂದು ಕೇಳಬೇಕು

ಅತ್ತೆಯ ಆಪರೇಷನ್ನಿಗೆ ಖಾಸಗಿ ದವಾಖಾನೆಯಲ್ಲಿ 1,40,000 ಆಯಿತು. ಆಗ ನಮ್ಮ ಕಪಾಟಿನಲ್ಲೇ ಇಎಸ್‌ಐ ಕಾರ್ಡು ಬಿದ್ದಿತ್ತು. ತಿಂಗಳಿಗೆ 21,000ದವರೆಗೆ ವೇತನ ಇರುವ ಕಾರ್ಮಿಕರಿಗೆ ಅದು ಅನ್ವಯ. ವೇತನದಲ್ಲಿ ನೂರಕ್ಕೆ 0.75 ನಮ್ಮದು, 3.25 ಮಾಲೀಕರದು. ಪ್ರತಿ ತಿಂಗಳು 139 ರೂಪಾಯಿ ಮುರಿದುಕೊಳ್ಳುತ್ತಿದ್ದರು, ಮನೆಯವರು ಅದನ್ನು ಕಳೆದುಹೋದ ದುಡ್ಡು ಎಂದೇ ತಿಳಿದಿದ್ದರು. ಹೆಂಡತಿ, ಮಕ್ಕಳಲ್ಲದೆ ಮಗನನ್ನೇ ನಂಬಿಕೊಂಡ ತಂದೆತಾಯಿಗೂ ಅದರಲ್ಲಿ ಉಪಚಾರ ಇದೆ. ಅತ್ತೆಯ ಹೆಸರನ್ನು ಕುಟುಂಬದ ಪಟ್ಟಿಗೆ ಸೇರಿಸುವುದನ್ನೇ ನಾವು ಬಿಟ್ಟಿದ್ದೆವು. ಈಗ ಸೇರಿಸಿದ್ದೇವೆ. ಅವರ ಬಿ.ಪಿ. ಗುಳಿಗೆ ಅಲ್ಲಿಂದಲೇ ಬರುತ್ತದೆ. ತಾರಿಹಾಳದಲ್ಲಿ ದುಡಿಯುವ ಎಲ್ಲರೂ ಇಂದೇ ಕಾರ್ಡು ತೆಗೆದು ಯಾರ ಹೆಸರಿದೆ, ಯಾರದಿಲ್ಲ ನೋಡಿ. ಇದನ್ನು ಕೈಮುಗಿದು ಕೇಳುತ್ತೇನೆ.

8. ಕಾರ್ಯಕ್ಕೆ ಹೋಗುವುದನ್ನು ತಪ್ಪಿಸಬಾರದು, ಒಯ್ಯುವುದನ್ನು ಬದಲಿಸಬಹುದು

2024ರ ಕೊನೆಯಲ್ಲಿ ನಾದಿನಿಯ ಮಗಳ ಕುಬಸ ಬಂತು. ಸೋದರಮಾವ ಇವರು. ಬೆಳ್ಳಿ ಬಟ್ಟಲು, ಒಳ್ಳೆಯ ಸೀರೆ, ಹಣ್ಣುಹಂಪಲ ಎಂದು 10,000ದ ಲೆಕ್ಕ ಹಾಕಿದರು. ಕಪಾಟಿನ ಹಾಳೆ ತೋರಿಸಿದೆ. ಮುಖ ಸಣ್ಣದು ಮಾಡಿಕೊಂಡು, "ಹಂಗಾದ್ರ ಹೋಗೂದ ಬ್ಯಾಡ" ಎಂದರು. ಹೋಗದಿದ್ದರೆ ಇಡೀ ಬಳಗ ಮಾತಾಡುತ್ತದೆ. ಸಾಲದಲ್ಲಿರುವ ಮನೆ ಮೆಲ್ಲಗೆ ಬಳಗದಿಂದ ದೂರ ಸರಿಯುವುದನ್ನು ನಾನು ಬೇರೆಯವರಲ್ಲಿ ಕಂಡಿದ್ದೇನೆ. ಅದು ಸಾಲಕ್ಕಿಂತ ಕೆಟ್ಟದ್ದು.

ಅತ್ತೆಯ ಪೆಟ್ಟಿಗೆಯಲ್ಲಿ ಹಳೇ ಇಳಕಲ್ ಸೀರೆಗಳಿದ್ದವು, ಮೈ ಸವೆದು ಹತ್ತಿಯಂತೆ ಮೆತ್ತಗಾಗಿದ್ದವು. ಅತ್ತೆ ಮತ್ತು ನಾನು ಇಪ್ಪತ್ತು ದಿನ ಕೂತು ಕೂಸಿಗೆ ಒಂದು ಕೌದಿ, ಎರಡು ಕುಂಚಿಗೆ ಹೊಲಿದೆವು. ಕೌದಿಯ ನಡುವೆ ಸೀರೆಯ ಟೋಪ ತೆನೆ ಸೆರಗನ್ನೇ ಚೌಕ ಮಾಡಿ ಕೂರಿಸಿದೆ. ಹುಬ್ಬಳ್ಳಿಯಿಂದ ಒಂದು ಹಸಿರು ಸೀರೆ ತಂದು ಜಂಪರಿಗೆ ಕಸೂತಿ ಹಾಕಿದೆ. ಎಲ್ಲ ಸೇರಿ 1,900 ಖರ್ಚು. ಕುಬಸದ ಮನೆಯಲ್ಲಿ ಆ ಕೌದಿ ಕೈಯಿಂದ ಕೈಗೆ ಹೋಯಿತು. ಅಜ್ಜಿ ಉಟ್ಟ ಸೀರೆ ಮರಿಮೊಮ್ಮಗುವಿಗೆ ಹೊದಿಕೆ ಎಂದು ನಾದಿನಿ ಕಣ್ಣಲ್ಲಿ ನೀರು ತಂದಳು. ಇವರು ಬಾಗಿಲ ಹತ್ತಿರ ನಿಂತು ಎಲ್ಲ ನೋಡುತ್ತಿದ್ದರು. ಬರುವಾಗ ಬೈಕಿನ ಮೇಲೆ, "ಅವ್ವನ ಸೀರಿ ಇನ್ನೂ ಅದಾವೇನು?" ಎಂದು ಕೇಳಿದರು. ಆಮೇಲೆ ಆ ಬಳಗದಿಂದಲೇ ನನಗೆ ಐದು ಕೌದಿ ಹೊಲಿಯಲು ಬಂದವು, ಹೊಲಿಗೆಗೆ ಕೂಲಿ ಕೊಟ್ಟೇ ಒಯ್ದರು.

9. ಒಮ್ಮೆಲೇ ಹಿಂಡಬಾರದು

ಇದು ಅವರಿಂದ ಕಲಿತದ್ದು. ನವೆಂಬರಿನಲ್ಲಿ ಬೈಕಿನ ಕಂತು ಮುಗಿದ ಮೇಲೆ ನಾನು ತಿಂಗಳಿಗೆ 13,500 ಕಟ್ಟೋಣ ಎಂದೆ. "ಒಮ್ಮೆಲೆ ಆಳ ಕಟ್ ಕೊಟ್ರ ಟೂಲ್ ಮುರೀತೈತಿ. 11,000ಕ್ಕ ನಿಲ್ಸು" ಎಂದರು. ಉಳಿದದ್ದರಲ್ಲಿ ಮಕ್ಕಳಿಗೆ ದಿನಾ ಹಾಲು ಹೆಚ್ಚಿಸಿದೆವು. ತಿಂಗಳಿಗೊಂದು ಭಾನುವಾರ ಎಲ್ಲರೂ ಸಿದ್ಧಾರೂಢ ಮಠಕ್ಕೆ ಹೋಗಿ, ಕೆರೆಯ ದಂಡೆಯಲ್ಲಿ ಕೂತು, ಕಟ್ಟಿಕೊಂಡು ಹೋದ ಬುತ್ತಿ ಉಂಡು ಬರುತ್ತೇವೆ. ಮಗ ಆ ಭಾನುವಾರವನ್ನು ಬೆರಳೆಣಿಸಿ ಕಾಯುತ್ತಾನೆ.

2025ರ ಸಂಕ್ರಾಂತಿಗೆ ತುಸು ಮೊದಲು ಬೋರಮಾಳ ಮನೆಗೆ ಬಂತು. ಬ್ಯಾಂಕಿನಲ್ಲಿದ್ದದ್ದು 14 ತಿಂಗಳು, ಒಟ್ಟು ಬಡ್ಡಿ 5,500ರ ಆಸುಪಾಸು. ಸಾಹುಕಾರರಿಗೆ 14 ತಿಂಗಳಿಗೆ ಕಟ್ಟಿದ್ದು 35,000 ಎಂಬುದನ್ನು ಹಾಳೆಯ ಅಂಚಿನಲ್ಲಿ ಅವರೇ ಬರೆದು ಕೆಳಗೆ ಗೆರೆ ಎಳೆದಿದ್ದಾರೆ.

10. ಕೊನೆಗೆ ಲೆಕ್ಕವನ್ನೂ ಒಮ್ಮೆ ಬದಿಗಿಡಬೇಕಾಗುತ್ತದೆ

ಉಳಿದದ್ದು ಎರಡು. ಪಾಟ್ಲಿಯ ಮೇಲಿನ 80,000, ಅದಕ್ಕೆ ಬಡ್ಡಿ ಇದೆ. ನಮ್ಮಣ್ಣನ 40,000, ಅದಕ್ಕೆ ಬಡ್ಡಿ ಇಲ್ಲ, ಅಣ್ಣ ಒಮ್ಮೆಯೂ ಕೇಳಿಲ್ಲ. ಮೂರನೇ ಪಾಠದ ಪ್ರಕಾರ ಪಾಟ್ಲಿಯದು ಮೊದಲು ತೀರಬೇಕು, ನಾನೂ ಹಾಗೇ ಬರೆದಿದ್ದೆ. ಅವರು ಆ ಸಾಲನ್ನು ಅಳಿಸಿ ಅಣ್ಣನ ಹೆಸರನ್ನು ಮೇಲೆ ಬರೆದರು. "ಕೇಳದವ್ರಿಗೆ ಮೊದ್ಲು ಕೊಡಬೇಕು. ನಾಳೆ ನಾ ಅವರ ಮನ್ಯಾಗ ಊಟಕ್ಕ ಕುಂದರಬೇಕು" ಎಂದರು. ಬಡ್ಡಿಯಲ್ಲಿ ನಮಗೆ ಸಾವಿರದ ಮೇಲೆ ಹೆಚ್ಚು ಬಿತ್ತು. ನಾನು ಎದುರಾಡಲಿಲ್ಲ. ಮೊದಲು ನನ್ನ ಕೈ ಹಿಡಿದು ನಿಲ್ಲಿಸಿದ ಮರ್ಯಾದೆಯ ಮಾತೇ ಈಗ ಅವರನ್ನು ಮುಂದೆ ನಡೆಸುತ್ತಿತ್ತು.

ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 10,000ದಂತೆ ಅಣ್ಣನದು ಮುಗಿಯಿತು. ಕೊನೆಯ ಕಂತು ಕೊಡಲು ಅವರೊಬ್ಬರೇ ಹೋದರು. ಏನು ಮಾತಾಡಿದರೋ ಗೊತ್ತಿಲ್ಲ, ರಾತ್ರಿ ತಡವಾಗಿ ಬಂದರು, ಅತ್ತಿಗೆ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಕೈಯಲ್ಲಿತ್ತು.

ಚಹಾದ ಅಂಗಡಿಗೆ ಈಗಲೂ ಹೋಗುತ್ತಾರೆ. ಹುಡುಗರು ಸರತಿಯಂತೆ ದುಡ್ಡು ಕೊಡುತ್ತಾರಂತೆ, ಆ ಪದ್ಧತಿ ಯಾರು ಹಾಕಿದರು ಎಂದು ನಾನು ಕೇಳಿಲ್ಲ. 1,500ರಲ್ಲಿ ಎಷ್ಟು ಉಳಿಯುತ್ತದೆ ಎಂದೂ ಕೇಳಿಲ್ಲ. ಮಾತು ಕೊಟ್ಟಿದ್ದೇನೆ. 2025ರ ದೀಪಾವಳಿ ಕಳೆದ ಮೇಲೆ ಕಪಾಟಿನ ಬಾಗಿಲ ಹಾಳೆಯಲ್ಲಿ ಪಾಟ್ಲಿಯ ಎದುರಿಗೆ 26,000 ಎಂದಿದೆ. ಅದರ ಕೆಳಗೆ ಸಹಿಯ ಮನೆಗಳಿಗೆ ಅವರು ಮೂರೇ ಸಾಲು ಗೆರೆ ಎಳೆದಿದ್ದಾರೆ.